ರೆಕಾರ್ಡಿಂಗ್ ಬಾಕ್ಸ್ ಕೆಟ್ಟಿದೆಯಾ? ಹೊಸದು ಕೊಳ್ಳುವ ಮುನ್ನ ಈ ಕ್ರಮದಲ್ಲಿ ನೋಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಸೆಟ್‌ಟಾಪ್ ಬಾಕ್ಸ್ ಬದಲಾಯಿಸಿದವರಿಂದ ಒಂದೇ ಥರದ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ದುಡ್ಡು ಕೊಟ್ಟಾಯಿತು, ಹೊಸ ಬಾಕ್ಸ್ ಮನೆಗೆ ಬಂತು, ಚಿತ್ರವೂ ಚೆನ್ನಾಗಿ ಬರುತ್ತಿದೆ. ರೆಕಾರ್ಡ್ ಮಾತ್ರ ಆಗುತ್ತಿಲ್ಲ. ಇಲ್ಲವೇ, ಒಂದು ಚಾನೆಲ್ ರೆಕಾರ್ಡಿಗೆ ಹಾಕಿದರೆ ಇನ್ನೊಂದನ್ನು ನೋಡಲು ಬಿಡುತ್ತಿಲ್ಲ.

ಬಹಳ ಸಲ ಇದಕ್ಕೆ ಕಾರಣ, ಬಾಕ್ಸನ್ನು ಮೊದಲು ಕೊಂಡು ಉಳಿದದ್ದನ್ನು ಆಮೇಲೆ ನೋಡಿದ್ದು. ರೆಕಾರ್ಡ್ ಮಾಡುವುದು ಬಾಕ್ಸ್ ಒಂದರಿಂದಲೇ ಆಗುವ ಕೆಲಸ ಅಲ್ಲ. ಮಾಳಿಗೆ ಮೇಲಿನ ಡಿಶ್, ಅಲ್ಲಿಂದ ಇಳಿಯುವ ವೈರು, ಬಾಕ್ಸ್, ಅದಕ್ಕೆ ಸಿಗಿಸುವ ಡ್ರೈವ್, ಮನೆಯ ಕರೆಂಟು, ಇಷ್ಟೂ ಒಂದಕ್ಕೊಂದು ಹೊಂದಬೇಕು. ಅದಕ್ಕೇ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಮೊದಲು ಇಷ್ಟು ಹತ್ತಿರ ಇಟ್ಟುಕೊಳ್ಳಿ: ನಿಮ್ಮ ಕಸ್ಟಮರ್ ಐಡಿ, ಕನೆಕ್ಷನ್‌ಗೆ ರಿಜಿಸ್ಟರ್ ಆಗಿರುವ ಮೊಬೈಲ್, ಏನೂ ಇಲ್ಲದ 32 ಜಿಬಿಯ ಒಂದು ಪೆನ್‌ಡ್ರೈವ್, ಒಂದು ಹಾಳೆ, ಪೆನ್ನು. ಮಲ್ಟಿಮೀಟರ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಓಣಿಯ ಎಲೆಕ್ಟ್ರಿಷಿಯನ್ ಹತ್ತಿರ ಇದ್ದೇ ಇರುತ್ತದೆ.

ಹಂತ 1: ಕೆಟ್ಟದ್ದು ಬಾಕ್ಸೋ, ಅಡಾಪ್ಟರೋ?

ಬಾಕ್ಸಿನ ಲೈಟೇ ಹತ್ತುತ್ತಿಲ್ಲ ಎಂದರೆ ಮೊದಲು ಅಡಾಪ್ಟರ್ ನೋಡಿ. ಅದರ ಮೇಲೆ ಔಟ್‌ಪುಟ್ ಎಷ್ಟು ಎಂದು ಬರೆದಿರುತ್ತದೆ, ಬಹಳಷ್ಟು ಬಾಕ್ಸ್‌ಗಳಿಗೆ 12 ವೋಲ್ಟ್. ಮಲ್ಟಿಮೀಟರ್ ಹಿಡಿದಾಗ 9 ತೋರಿಸಿದರೆ, ಅಥವಾ ಅಂಕಿ ನಿಲ್ಲದೆ ಏರಿಳಿದರೆ, ಅಡಾಪ್ಟರ್ ಹೋಗಿದೆ. 12 ತೋರಿಸಿದರೂ ಪೂರ್ತಿ ನಂಬಬೇಡಿ. ಬಾಕ್ಸಿಗೆ ಸಿಗಿಸಿದ ಮೇಲೆ ವೋಲ್ಟೇಜ್ ಕುಸಿಯುವ ಅಡಾಪ್ಟರ್‌ಗಳೂ ಇವೆ. ಬಾಕ್ಸ್ ಆನ್ ಆಗಿ, ಲೋಗೋ ಬಂದು, ಮತ್ತೆ ಆಫ್ ಆಗಿ, ಹೀಗೆ ಸುತ್ತುತ್ತಿದ್ದರೆ ಇದೇ ಅನುಮಾನ. ಪಕ್ಕದ ಮನೆಯವರದು ಅದೇ ಥರದ ಬಾಕ್ಸ್ ಆಗಿದ್ದರೆ ಅವರ ಅಡಾಪ್ಟರ್ ಹಾಕಿ ನೋಡಿ. ಹೊಸದು ತರುವಾಗ ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಪಿನ್ನಿನ ಪ್ಲಸ್–ಮೈನಸ್ ಗುರುತೂ ಹಳೆಯದರ ಹಾಗೇ ಇರಬೇಕು.

ಲೈಟ್ ಇದೆ, ಆದರೆ ‘ಸಿಗ್ನಲ್ ಇಲ್ಲ’ ಎಂದು ಬರುತ್ತಿದೆಯಾ? ಆಗ ಬಾಕ್ಸಿಗಿಂತ ಮೊದಲು ಮಾಳಿಗೆ ಹತ್ತಬೇಕು. ವೈರಿನ ತುದಿಯ ಕನೆಕ್ಟರ್ ತುಕ್ಕು ಹಿಡಿದಿರಬಹುದು, ಗಾಳಿಗೆ ಡಿಶ್ ಅಲುಗಿರಬಹುದು. ಗಂಗಾವತಿ, ಆನೆಗೊಂದಿ ಕಡೆಯವರಿಗೆ ಕೋತಿಗಳ ಕಾಟ ಹೇಳಬೇಕಾಗಿಯೇ ಇಲ್ಲ. ಇವಕ್ಕೆ ಹೊಸ ಬಾಕ್ಸ್ ಮದ್ದಲ್ಲ.

ಒಳಗೇ ಹಾರ್ಡ್ ಡಿಸ್ಕ್ ಇರುವ ಬಾಕ್ಸಿನಿಂದ ಟಕ್ ಟಕ್ ಸದ್ದು ಬರುವುದು, ನೇರ ಚಾನೆಲ್ ಸರಿಯಾಗಿ ಬಂದು ರೆಕಾರ್ಡಿಂಗ್ ಮಾತ್ರ ನಿಂತು ನಿಂತು ಓಡುವುದು, ಇವು ಡಿಸ್ಕ್ ಸಾಯುತ್ತಿರುವ ಲಕ್ಷಣ. ಸುಮ್ನೆ ಸ್ಕ್ರೂ ಬಿಚ್ಚಿ ಬೇರೆ ಡಿಸ್ಕ್ ಹಾಕಿಸಬೇಡಿ. ಬಾಕ್ಸ್ ಅದನ್ನು ಒಪ್ಪದೇ ಇರಬಹುದು, ವಾರಂಟಿಯೂ ಹೋಗುತ್ತದೆ. ಕಸ್ಟಮರ್ ಕೇರ್‌ಗೆ ಹೇಳಿ, ಅವರೇ ಡಿಸ್ಕ್ ಬದಲಿಸುತ್ತಾರಾ ಕೇಳಿ.

ಹಂತ 2: ಹಳೆ ರೆಕಾರ್ಡಿಂಗ್ ನೋಡಿ ಮುಗಿಸಿ

ಪೇ ಚಾನೆಲ್ ಕೊಡುವ ಕಂಪನಿಗಳ ಬಾಕ್ಸಿನಲ್ಲಿ ಆದ ರೆಕಾರ್ಡಿಂಗ್‌ಗೆ ಆ ಬಾಕ್ಸಿನದೇ ಬೀಗ ಇರುತ್ತದೆ. ಡ್ರೈವ್ ತೆಗೆದು ಹೊಸ ಬಾಕ್ಸಿಗೆ ಹಾಕಿದರೆ ಓಡುವುದಿಲ್ಲ. ಕಂಪ್ಯೂಟರಿಗೆ ಹಾಕಿದರೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ, ಅಷ್ಟೇ. ಅದೇ ಕಂಪನಿಯ ಅದೇ ಮಾಡೆಲ್ ಬಾಕ್ಸ್ ತಂದರೂ ಇದೇ ಕಥೆ.

ಹಾಗಾಗಿ ಹಳೆ ಬಾಕ್ಸ್ ಇನ್ನೂ ಉಸಿರಾಡುತ್ತಿದ್ದರೆ, ಮನೆಯವರು ಉಳಿಸಿಕೊಂಡಿದ್ದನ್ನೆಲ್ಲ ಈಗಲೇ ನೋಡಿಬಿಡಲಿ. ಅಲ್ಲಿಯವರೆಗೆ ರಿಚಾರ್ಜ್ ನಿಲ್ಲಿಸಬೇಡಿ. ಪ್ಯಾಕ್ ಮುಗಿದರೆ ಹಳೆ ರೆಕಾರ್ಡಿಂಗ್ ಕೂಡ ತೆರೆಯದ ಬಾಕ್ಸ್‌ಗಳು ಇವೆ. ‘ಎಲ್ಲಾ ಹೊಸದಕ್ಕೆ ಕಾಪಿ ಮಾಡಿಕೊಡ್ತೀನ್ರಿ’ ಎಂದು ಯಾರಾದರೂ ದುಡ್ಡು ಕೇಳಿದರೆ, ಮೊದಲು ಒಂದೇ ಒಂದನ್ನು ಕಾಪಿ ಮಾಡಿ ಓಡಿಸಿ ತೋರಿಸಲಿ. ಆಮೇಲೆ ಮಾತು.

ಬಾಕ್ಸ್ ಬಿಚ್ಚುವ ಮೊದಲು ಇನ್ನೊಂದು ಕೆಲಸ. ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಸಿಗ್ನಲ್ ಕ್ವಾಲಿಟಿ ಎಂದು ಎರಡು ಪಟ್ಟಿ ಕಾಣುತ್ತವೆ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹೊಸ ಬಾಕ್ಸ್ ಕೂಡಿಸಿದ ದಿನ ಇದು ಬೇಕಾಗುತ್ತದೆ.

ಹಂತ 3: ಮನೆಯ ಬೇಡಿಕೆ ಹಾಳೆ ಮೇಲೆ ಬರೆಯಿರಿ

ಇದನ್ನು ಬಿಟ್ಟು ಅಂಗಡಿಗೆ ಹೋದವರೇ ಜಾಸ್ತಿ ಮೋಸ ಹೋಗುವುದು. ರಾತ್ರಿ 7ರಿಂದ 10ರ ನಡುವೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂದು ಬರೆಯಿರಿ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಓಡುತ್ತವೆ. ಸಿಂಧನೂರು, ಮಾನ್ವಿ ಕಡೆ ತೆಲುಗು ರೈತರು ನೆಲೆಸಿದ ಕ್ಯಾಂಪುಗಳಲ್ಲಂತೂ ಹೇಳುವುದೇ ಬೇಡ. ಅತ್ತೆಗೆ ಕನ್ನಡದ ಧಾರಾವಾಹಿ, ಅದೇ ಹೊತ್ತಿಗೆ ಸೊಸೆಗೆ ತೆಲುಗಿನದು, ನಡುವೆ ಕ್ರಿಕೆಟ್. ಹೀಗೆ ಒಂದೇ ಹೊತ್ತಿಗೆ ಎರಡು ಚಾನೆಲ್ ಬೇಕು ಎಂದಾದರೆ ಎರಡು ಟ್ಯೂನರ್ (ಬಾಕ್ಸಿನೊಳಗೆ ಚಾನೆಲ್ ಹಿಡಿಯುವ ಭಾಗ) ಇರುವ ಬಾಕ್ಸ್ ಬೇಕು. ಒಂದು ಟ್ಯೂನರಿನ ಬಾಕ್ಸ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಆ ಮನೆಗೆ ಅದು ಆಗಿಬರುವುದಿಲ್ಲ.

ಎರಡನೆಯದು, ಎಷ್ಟು ಗಂಟೆ ಕೂಡಿಡಬೇಕು? ಎಚ್‌ಡಿ ಚಾನೆಲ್ ಗಂಟೆಗೆ ಸುಮಾರು 3ರಿಂದ 4 ಜಿಬಿ ತಿನ್ನುತ್ತದೆ. ಸಾದಾ ಚಾನೆಲ್‌ಗೆ ಸುಮಾರು 1 ಜಿಬಿ ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆಯ ಎರಡು ಧಾರಾವಾಹಿ, ವಾರಕ್ಕೆ ಆರು ದಿನ, ಎಚ್‌ಡಿಯಲ್ಲಿ ಎಂದರೆ ವಾರಕ್ಕೆ 18ರಿಂದ 24 ಜಿಬಿ. ವಾರದೊಳಗೆ ನೋಡಿ ಅಳಿಸುವವರಿಗೆ 64 ಜಿಬಿ ಪೆನ್‌ಡ್ರೈವ್ ಸಾಕು. ಸಿನಿಮಾ, ಮ್ಯಾಚು ಕೂಡಿಡುವವರಿಗೆ 500 ಜಿಬಿ ಹಾರ್ಡ್ ಡಿಸ್ಕ್ ಬೇಕು.

ಮೂರನೆಯದು ಟಿವಿಯ ಹಿಂಬದಿ. ಎಚ್‌ಡಿಎಂಐ ಜಾಗ ಇದೆಯಾ, ಅಥವಾ ಹಳದಿ–ಕೆಂಪು–ಬಿಳಿ ಪಿನ್ನಿನ ಹಳೆ ಟಿವಿಯಾ? ಅದರದೂ ಒಂದು ಫೋಟೋ ಇರಲಿ.

ಇಲ್ಲೇ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಟಿವಿಯ ಯುಎಸ್‌ಬಿ ಜಾಗಕ್ಕೆ ಪೆನ್‌ಡ್ರೈವ್ ಹಾಕಿದರೆ ಸೆಟ್‌ಟಾಪ್ ಬಾಕ್ಸಿನ ಚಾನೆಲ್ ರೆಕಾರ್ಡ್ ಆಗುವುದಿಲ್ಲ. ಕೆಲವು ಟಿವಿಗಳಲ್ಲಿ ರೆಕಾರ್ಡ್ ಸೌಲಭ್ಯ ಇದ್ದರೂ ಅದು ಟಿವಿಯ ಸ್ವಂತ ಟ್ಯೂನರಿಗೆ ಬರುವ ಚಾನೆಲ್‌ಗೆ ಮಾತ್ರ. ಡ್ರೈವ್ ಬಾಕ್ಸಿನ ಹಿಂದೆಯೇ ಕೂರಬೇಕು.

ಹಂತ 4: ಅದೇ ಕಂಪನಿಯೋ, ಬೇರೆಯೋ?

ಅದೇ ಕಂಪನಿಯಲ್ಲಿ ಬಾಕ್ಸ್ ಬದಲಾಯಿಸಿದರೆ ಡಿಶ್ ದಿಕ್ಕು ಬದಲಿಸಬೇಕಿಲ್ಲ, ಐಡಿ ಉಳಿಯುತ್ತದೆ, ಬ್ಯಾಲೆನ್ಸ್ ಉಳಿಯುತ್ತದೆ. ‘ಬಾಕ್ಸ್ ಬದಲಾವಣೆ ಬೇಕು, ಹೊಸ ಕನೆಕ್ಷನ್ ಬೇಡ’ ಎಂದು ಸ್ಪಷ್ಟವಾಗಿ ಹೇಳಿ. ಹೊಸ ಕನೆಕ್ಷನ್ ಎಂದು ಬರೆಸಿಕೊಂಡರೆ ಐಡಿ ಬೇರೆ ಆಗುತ್ತದೆ, ಹಳೆ ಖಾತೆಯ ದುಡ್ಡು ಅಲ್ಲೇ ಕೂರುತ್ತದೆ.

ಬೇರೆ ಕಂಪನಿ ಎಂದರೆ ಡಿಶ್ ಕೂಡ ತಿರುಗಬೇಕು. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಏರ್‌ಟೆಲ್‌ನದು 108.2ರಲ್ಲಿ. ಸನ್ ಡೈರೆಕ್ಟ್ ಮತ್ತು ಡಿಡಿ ಫ್ರೀ ಡಿಶ್ ಎರಡೂ 93.5ರಲ್ಲಿ. ನಮ್ಮ ಜಿಲ್ಲೆಗಳಿಂದ ನೋಡಿದರೆ 83ರದ್ದು ದಕ್ಷಿಣಕ್ಕೆ ಹತ್ತಿರ, ಆಕಾಶದಲ್ಲಿ ಎತ್ತರಕ್ಕೆ ಇರುತ್ತದೆ. 108ರದ್ದು ಪೂರ್ವಕ್ಕೆ ಬಹಳ ವಾಲಿ, ಕೆಳಗೆ ಇರುತ್ತದೆ. ಪೂರ್ವಕ್ಕೆ ಬೇವಿನ ಮರವೋ ಪಕ್ಕದವರ ಎರಡನೇ ಮಹಡಿಯೋ ಅಡ್ಡ ಇದ್ದರೆ, ಕಂಪನಿ ಬದಲಿಸುವ ಮೊದಲು ಮಾಳಿಗೆ ಮೇಲೆ ನಿಂತು ಆ ದಿಕ್ಕು ಒಮ್ಮೆ ನೋಡಿ.

ಸೆಕೆಂಡ್ ಹ್ಯಾಂಡ್ ಬಾಕ್ಸ್ ಬೇಡ ಎಂಬುದೇ ನನ್ನ ಖಚಿತ ಸಲಹೆ. ಅದು ಮೊದಲಿನವರ ಹೆಸರಿನಲ್ಲಿ ದಾಖಲಾಗಿರುತ್ತದೆ. ಬಾಕ್ಸಿನೊಳಗೆ ಹಾಕುವ ವ್ಯೂಯಿಂಗ್ ಕಾರ್ಡೂ ಬಾಕ್ಸೂ ಜೋಡಿಯಾಗಿರುತ್ತವೆ. ನಿಮ್ಮ ಹಳೆ ಕಾರ್ಡ್ ಹಾಕಿದ ಮಾತ್ರಕ್ಕೆ ಓಡುವುದಿಲ್ಲ.

ಹಂತ 5: ಯಾವ ಥರದ ಬಾಕ್ಸ್ ನಿಮಗೆ ಹೊಂದುತ್ತದೆ?

ಒಳಗೇ ಹಾರ್ಡ್ ಡಿಸ್ಕ್ ಇರುವ ಬಾಕ್ಸ್: ಎರಡು ಚಾನೆಲ್ ಗಲಾಟೆ ಇರುವ ಮನೆಗೆ ಇದೇ ಸರಿ. ಸಾಮಾನ್ಯವಾಗಿ ಎರಡು ಟ್ಯೂನರ್ ಇರುತ್ತವೆ, ನೇರ ಪ್ರಸಾರವನ್ನು ನಿಲ್ಲಿಸಿ ಹಿಂದಕ್ಕೆ ಓಡಿಸಬಹುದು. ಬೆಲೆ ಜಾಸ್ತಿ, ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಬೇಕು. ಬಿಸಿಲಿಗೆ ಡಿಸ್ಕ್ ಬೇಗ ಸೋಲುತ್ತದೆ ಎಂಬುದು ನೆನಪಿರಲಿ.

ಯುಎಸ್‌ಬಿ ರೆಕಾರ್ಡಿಂಗ್ ಇರುವ ಎಚ್‌ಡಿ ಬಾಕ್ಸ್: ಈಗ ಜಾಸ್ತಿ ಸಿಗುವುದು ಇದೇ. ಡ್ರೈವ್ ಕೆಟ್ಟರೆ ಡ್ರೈವ್ ಮಾತ್ರ ಬದಲಿಸಿದರೆ ಆಯಿತು, ಬಾಕ್ಸ್ ಉಳಿಯುತ್ತದೆ. ಆದರೆ ಇವುಗಳಲ್ಲಿ ಬಹುಪಾಲು ಒಂದೇ ಟ್ಯೂನರಿನವು. ಇನ್ನೊಂದು ಮಾತು, ಯುಎಸ್‌ಬಿ ತೂತು ಕಂಡಿತೆಂದು ರೆಕಾರ್ಡ್ ಆಗುತ್ತದೆ ಎಂದುಕೊಳ್ಳಬೇಡಿ. ಬರೀ ಫೋಟೋ ನೋಡಲು ಅಥವಾ ಸಾಫ್ಟ್‌ವೇರ್ ಹಾಕಲು ಕೊಟ್ಟ ತೂತೂ ಹಾಗೇ ಕಾಣುತ್ತದೆ.

ಆಂಡ್ರಾಯ್ಡ್ ಬಾಕ್ಸ್: ಆ್ಯಪ್‌ಗಳು ಬರುತ್ತವೆ, ಚೆನ್ನಾಗಿರುತ್ತದೆ. ಆದರೆ ಕೆಲವು ಮಾಡೆಲ್‌ಗಳಲ್ಲಿ ರೆಕಾರ್ಡಿಂಗೇ ಇಲ್ಲ, ಬದಲಿಗೆ ಕಳೆದ ಕೆಲವು ದಿನಗಳ ಕಾರ್ಯಕ್ರಮವನ್ನು ಇಂಟರ್‌ನೆಟ್ ಮೂಲಕ ತೋರಿಸುತ್ತವೆ. ಮನೆಗೆ ಗಟ್ಟಿ ಬ್ರಾಡ್‌ಬ್ಯಾಂಡ್ ಇದ್ದರೆ ಇದು ಸಾಕಾಗಬಹುದು. ಸಂಜೆ ಹೊತ್ತು ಮೊಬೈಲ್ ನೆಟ್ ಎಳೆಯದ ಹಳ್ಳಿಯಲ್ಲಿ ಬೇಡ.

ಫ್ರೀ ಡಿಶ್‌ಗೆ ಸಿಗುವ ಎಂಪೆಗ್‌–4 ಬಾಕ್ಸ್: ತಿಂಗಳ ಖರ್ಚಿಲ್ಲ, ಡಿಡಿ ಚಂದನ ಬರುತ್ತದೆ. ಬೀಗವಿಲ್ಲದ ಚಾನೆಲ್‌ಗಳಾದ್ದರಿಂದ ಬಹಳಷ್ಟು ಬಾಕ್ಸ್‌ಗಳ ರೆಕಾರ್ಡಿಂಗ್ ಕಂಪ್ಯೂಟರಿನಲ್ಲೂ ಓಡುತ್ತದೆ. ದುಡ್ಡು ಕೊಟ್ಟು ನೋಡುವ ಕನ್ನಡ, ತೆಲುಗು ಧಾರಾವಾಹಿ ಚಾನೆಲ್‌ಗಳು ಬೇಕಾದವರಿಗೆ ಇದು ಆಗುವುದಿಲ್ಲ.

ಕೇಬಲ್ ಇರುವವರು ತಮ್ಮ ಆಪರೇಟರ್ ಕೊಡುವ ಬಾಕ್ಸನ್ನೇ ತೆಗೆದುಕೊಳ್ಳಬೇಕು, ಹೊರಗಿನದು ನಡೆಯುವುದಿಲ್ಲ. ಅವರ ಹತ್ತಿರ ರೆಕಾರ್ಡಿಂಗ್ ಮಾಡೆಲ್ ಇದೆಯಾ ಎಂದು ಕೇಳಿ, ಇಲ್ಲದಿದ್ದರೆ ಹಂತ 4ಕ್ಕೆ ಹಿಂತಿರುಗಿ.

ಹಂತ 6: ಅಂಗಡಿಯಲ್ಲಿ, ದುಡ್ಡು ಕೊಡುವ ಮುನ್ನ

ಬಳ್ಳಾರಿಯ ಬೆಂಗಳೂರು ರಸ್ತೆಯಾಗಲಿ, ರಾಯಚೂರಿನ ತೀನ್ ಕಂದಿಲ್ ಆಗಲಿ, ಕೊಪ್ಪಳದ ಜವಾಹರ್ ರಸ್ತೆಯಾಗಲಿ, ಅಂಗಡಿಯ ಮಾತು ಬಹಳ ಸಲ ಹೀಗೇ ಶುರುವಾಗುತ್ತದೆ:

‘ಅಣ್ಣಾರ, ಇದ್ರಾಗ ರೆಕಾರ್ಡ್ ಆಗ್ತದೇನ್ರಿ?’

‘ಆಗ್ತದ್ರಿ ಸರ, ಪೆನ್‌ಡ್ರೈವ್ ಹಾಕ್ರಿ ಸಾಕು.’

ಇಲ್ಲಿಗೆ ಮಾತು ನಿಲ್ಲಿಸಬೇಡಿ. ಜೇಬಿನಿಂದ ನಿಮ್ಮ ಪೆನ್‌ಡ್ರೈವ್ ತೆಗೆದು ಕೊಡಿ. ಅಂಗಡಿಯ ಡೆಮೊ ಬಾಕ್ಸ್ ಅದೇ ಮಾಡೆಲ್ ಹೌದಾ ನೋಡಿಕೊಂಡು, ಐದು ನಿಮಿಷ ರೆಕಾರ್ಡ್ ಮಾಡಿಸಿ, ಓಡಿಸಿ ನೋಡಿ. ಮೊದಲ ಸಲ ಡ್ರೈವ್ ಹಾಕಿದಾಗ ಬಾಕ್ಸ್ ಅದನ್ನು ಫಾರ್ಮ್ಯಾಟ್ ಮಾಡುತ್ತದೆ, ಒಳಗಿದ್ದದ್ದೆಲ್ಲ ಹೋಗುತ್ತದೆ. ಮದುವೆ ಫೋಟೋ ಇರುವ ಪೆನ್‌ಡ್ರೈವ್ ಯಾವತ್ತೂ ಒಯ್ಯಬೇಡಿ.

ಆಮೇಲೆ ಎರಡು ಚಾನೆಲ್ ಪರೀಕ್ಷೆ. ಇದನ್ನು ಅಂಗಡಿಯವರು ಆರಿಸಿದ ಚಾನೆಲ್‌ಗಳಲ್ಲಿ ಮಾಡಬೇಡಿ. ಉಪಗ್ರಹದ ಒಂದೇ ಟ್ರಾನ್ಸ್‌ಪಾಂಡರ್‌ನಿಂದ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಳಿಸುವ ಭಾಗ) ಬರುವ ಎರಡು ಚಾನೆಲ್ ಆದರೆ, ಒಂದು ಟ್ಯೂನರಿನ ಕೆಲವು ಬಾಕ್ಸ್‌ಗಳೂ ಒಂದನ್ನು ರೆಕಾರ್ಡ್ ಮಾಡುತ್ತಾ ಇನ್ನೊಂದನ್ನು ತೋರಿಸುತ್ತವೆ. ನೋಡಿದವರು ಎರಡು ಟ್ಯೂನರ್ ಇದೆ ಎಂದು ನಂಬಿಬಿಡುತ್ತಾರೆ. ನಿಮ್ಮ ಹಾಳೆಯಲ್ಲಿ ಬರೆದ ಕನ್ನಡ ಚಾನೆಲ್, ತೆಲುಗು ಚಾನೆಲ್, ಅವೇ ಎರಡನ್ನು ಹಾಕಿಸಿ.

ಇನ್ನು ಕೇಳಬೇಕಾದದ್ದು: ಎಷ್ಟು ಜಿಬಿವರೆಗಿನ ಡ್ರೈವ್ ಒಪ್ಪುತ್ತದೆ? ರೆಕಾರ್ಡಿಂಗ್‌ಗೆ ತಿಂಗಳಿಗೆ ಬೇರೆ ದುಡ್ಡು ಇದೆಯಾ? ಬಾಕ್ಸ್ ನಮ್ಮ ಸ್ವಂತವಾ, ಬಾಡಿಗೆಯಾ? ಬಾಡಿಗೆ ಎಂದರೆ ಮುಂದೆ ವಾಪಸ್ ಕೊಡಬೇಕು. ಸ್ವಂತ ಎಂದರೆ ವಾರಂಟಿ ಎಷ್ಟು ಎಂದು ಬಿಲ್ಲಿನಲ್ಲಿ ಬರೆಸಿ. ಮಾಡೆಲ್ ನಂಬರು, ಬಾಕ್ಸಿನ ಸೀರಿಯಲ್ ನಂಬರು ಬಿಲ್ಲಿನಲ್ಲೇ ಇರಲಿ.

ಬಾಕ್ಸ್, ಅಡಾಪ್ಟರ್ ಎರಡರ ಮೇಲೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜತೆ ‘ಆರ್‌’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನದು ಎಂದು ತೋರಿಸುತ್ತದೆ. ಕಡಿಮೆ ಬೆಲೆಯ ಫ್ರೀ ಡಿಶ್ ಬಾಕ್ಸ್ ಕೊಳ್ಳುವಾಗ ಇದನ್ನು ತಪ್ಪಿಸಬೇಡಿ.

ಹಿಂದೆ ಸರಿಯಬೇಕಾದ ಲಕ್ಷಣಗಳು: ಡೆಮೊ ತೋರಿಸಲು ಒಪ್ಪದಿರುವುದು, ‘ಬಿಲ್ ಬೇಕಂದ್ರ ರೇಟ್ ಬ್ಯಾರೆ’ ಎನ್ನುವುದು, ‘ಮುಂದಿನ ಅಪ್‌ಡೇಟ್‌ನಾಗ ರೆಕಾರ್ಡಿಂಗ್ ಬರ್ತದ’ ಎನ್ನುವುದು. ಇವತ್ತು ಇಲ್ಲದ ಸೌಲಭ್ಯಕ್ಕೆ ಇವತ್ತು ದುಡ್ಡು ಕೊಡಬೇಡಿ.

ಹಂತ 7: ಡ್ರೈವ್ ಆರಿಸುವುದು

ಸಂತೆಯಲ್ಲಿ, ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ‘1 ಟಿಬಿ ಪೆನ್‌ಡ್ರೈವ್’ ನಕಲಿ. ಒಳಗೆ 16 ಅಥವಾ 32 ಜಿಬಿ ಮಾತ್ರ ಇದ್ದು, 1 ಟಿಬಿ ಎಂದು ತೋರಿಸುವ ಹಾಗೆ ಮಾಡಿರುತ್ತಾರೆ. ಮೊದಲ ಕೆಲವು ಕಾರ್ಯಕ್ರಮ ಸರಿಯಾಗಿ ಓಡುತ್ತವೆ. ಆಮೇಲಿನವು ಪಟ್ಟಿಯಲ್ಲಿ ಹೆಸರಾಗಿ ಇರುತ್ತವೆ, ತೆರೆಯುವುದಿಲ್ಲ. ಜನ ಬಾಕ್ಸನ್ನು ಬೈಯುತ್ತಾರೆ. ಕಂಪ್ಯೂಟರಿನಲ್ಲಿ ‘ಎಚ್‌2ಟೆಸ್ಟ್‌ಡಬ್ಲ್ಯೂ’ ಎಂಬ ಉಚಿತ ತಂತ್ರಾಂಶ ಓಡಿಸಿದರೆ ನಿಜವಾದ ಅಳತೆ ಗೊತ್ತಾಗುತ್ತದೆ.

ಪೋರ್ಟಬಲ್ ಹಾರ್ಡ್ ಡಿಸ್ಕ್ ಹಾಕುವವರಿಗೆ ಬೇರೆ ಸಮಸ್ಯೆ. ಯುಎಸ್‌ಬಿ 2.0 ಜಾಗದಿಂದ ಸಿಗುವುದು 500 ಮಿಲಿಆಂಪ್. ಡಿಸ್ಕ್ ಸುತ್ತಲು ಶುರುಮಾಡುವಾಗ ಅದಕ್ಕಿಂತ ಜಾಸ್ತಿ ಎಳೆಯಬಹುದು. ಆಗ ಡಿಸ್ಕ್ ಕಾಣಿಸಿ ಮಾಯವಾಗುತ್ತದೆ, ಅಥವಾ ಬಾಕ್ಸೇ ರೀಸ್ಟಾರ್ಟ್ ಆಗುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿದರೆ ಸರಿಹೋಗುತ್ತದೆ.

ಹಂತ 8: ಕೂಡಿಸುವ ದಿನ ಮುಂದೆ ನಿಂತು ನೋಡಿ

ಎರಡು ಟ್ಯೂನರಿನ ಬಾಕ್ಸ್ ಎಂದರೆ ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೂ ಎರಡು ಬಾಯಿ ಇರಬೇಕು, ಅಲ್ಲಿಂದ ಬಾಕ್ಸಿಗೆ ಎರಡು ವೈರು ಬರಬೇಕು. ಒಂದೇ ವೈರಿನಲ್ಲಿ ಎರಡೂ ಟ್ಯೂನರಿಗೆ ಕೊಡುವ ಬೇರೆ ಥರದ ಎಲ್‌ಎನ್‌ಬಿಯೂ ಇದೆ. ಆದರೆ ಬಾಕ್ಸ್ ಅದಕ್ಕೆ ಒಪ್ಪುವ ಮಾಡೆಲ್ ಆಗಿರಬೇಕು. ಕೆಲಸ ಉಳಿಸಲು ಒಂದು ವೈರನ್ನೇ ಚಿಕ್ಕ ಸ್ಪ್ಲಿಟರ್ ಹಾಕಿ ಎರಡು ಮಾಡಿಬಿಡುವುದುಂಟು. ಇದಕ್ಕೆ ಒಪ್ಪಬೇಡಿ. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಒಂದು ಗುಂಪಿನ ಚಾನೆಲ್ ಕೊಡುತ್ತದೆ, 18 ವೋಲ್ಟ್ ಕಳಿಸಿದರೆ ಇನ್ನೊಂದು ಗುಂಪು. ಒಂದೇ ವೈರಿನಲ್ಲಿ ಎರಡು ಟ್ಯೂನರ್ ಬೇರೆ ಬೇರೆ ಗುಂಪು ಕೇಳಿದರೆ ಒಂದಕ್ಕೆ ಸಿಗುವುದಿಲ್ಲ. ‘ಒಮ್ಮೊಮ್ಮೆ ಎರಡೂ ಬರ್ತಾವ, ಒಮ್ಮೊಮ್ಮೆ ಒಂದು ಬಂದ್ ಆಗ್ತದ’ ಎಂಬ ದೂರಿನ ಹಿಂದೆ ಈ ಸ್ಪ್ಲಿಟರ್ ಇದೆಯಾ ಎಂದು ಮೊದಲು ನೋಡಿ.

ಕೆಲಸ ಮುಗಿದ ಮೇಲೆ ಹಂತ 2ರಲ್ಲಿ ತೆಗೆದ ಫೋಟೋ ನೋಡಿ. ಅದೇ ಕಂಪನಿಯ ಬಾಕ್ಸ್ ಆಗಿದ್ದು ಕ್ವಾಲಿಟಿ ಮೊದಲಿಗಿಂತ ಬಹಳ ಇಳಿದಿದ್ದರೆ, ಕೆಲಸದವರು ಇಳಿದು ಹೋಗುವ ಮೊದಲೇ ಡಿಶ್ ಸರಿಮಾಡಿಸಿ. ಜೋರು ಮಳೆಗೆ ಸಿಗ್ನಲ್ ಹೋಗುವುದು ಸಹಜ. ಸಣ್ಣ ಮೋಡಕ್ಕೇ ಹೋದರೆ ಡಿಶ್ ಸರಿಯಾಗಿ ಕೂತಿಲ್ಲ.

ಬಾಕ್ಸ್ ಇಡುವ ಜಾಗವೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜಿನ ಬಾಗಿಲಿನ ಶೋಕೇಸಿನೊಳಗೆ, ಇನ್ವರ್ಟರ್ ಪಕ್ಕದಲ್ಲಿ, ಬಟ್ಟೆ ಹೊದಿಸಿ ಇಟ್ಟರೆ ಬಾಕ್ಸ್ ಬೆಂದುಹೋಗುತ್ತದೆ. ಮೇಲೆ, ಪಕ್ಕ ಗಾಳಿ ಆಡಲಿ. ಸಂಡೂರು, ತೋರಣಗಲ್ ಸುತ್ತ ಅದಿರಿನ ಧೂಳು ತೂತುಗಳಲ್ಲಿ ಕೂರುತ್ತದೆ. ಪ್ಲಗ್ ತೆಗೆದು ಒಣ ಬ್ರಷ್‌ನಿಂದ ತಿಂಗಳಿಗೊಮ್ಮೆ ಕೊಡವಿ, ಒದ್ದೆ ಬಟ್ಟೆ ಬೇಡ.

ಕರೆಂಟ್ ವಿಷಯ. ರೆಕಾರ್ಡ್ ಆಗಲು ಟಿವಿ ಆನ್ ಇರಬೇಕಿಲ್ಲ, ಬಾಕ್ಸಿಗೆ ಕರೆಂಟ್ ಇದ್ದರೆ ಸಾಕು. ಎಲ್‌ಎನ್‌ಬಿಗೂ ಬಾಕ್ಸಿನಿಂದಲೇ ಹೋಗುತ್ತದೆ. ಹಾಗಾಗಿ ಇನ್ವರ್ಟರ್ ಇಲ್ಲದ ಮನೆಯವರು ವೈಫೈ ರೂಟರಿಗೆ ಹಾಕುವ 12 ವೋಲ್ಟಿನ ಚಿಕ್ಕ ಯುಪಿಎಸ್ ಇದಕ್ಕೂ ಹಾಕಬಹುದು. ಅದರ ವೋಲ್ಟ್ ಬಾಕ್ಸಿನಷ್ಟೇ ಇರಬೇಕು, ಆಂಪಿಯರ್ ಕಡಿಮೆ ಇರಬಾರದು, ಪಿನ್ನಿನ ಗುರುತು ಹೊಂದಬೇಕು. ಜೆಸ್ಕಾಂ ಕರೆಂಟ್ ಸಂಜೆ ಒಂದು ಗಳಿಗೆ ಹೋಗಿ ಬಂದರೂ ಧಾರಾವಾಹಿ ಅರ್ಧಕ್ಕೆ ತುಂಡಾಗುವುದಿಲ್ಲ. ನನ್ನ ಪ್ರಕಾರ ದೊಡ್ಡ ಡಿಸ್ಕ್‌ಗಿಂತ ಮೊದಲು ಕೊಳ್ಳಬೇಕಾದದ್ದು ಇದು.

ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ ಆಫ್ ಮಾಡುವುದು ಎಷ್ಟೋ ಮನೆಗಳ ರೂಢಿ ಅಲ್ವಾ? ಟೈಮರ್ ಹಾಕಿದ ದಿನ ಹಾಗೆ ಮಾಡಿದರೆ ರೆಕಾರ್ಡ್ ಆಗುವುದಿಲ್ಲ. ರಿಮೋಟಿನಲ್ಲಿ ಸ್ಟ್ಯಾಂಡ್‌ಬೈಗೆ ಹಾಕಿ ಬಿಡಿ. ಗುಡುಗು ಮಿಂಚು ಬರುವ ಹಾಗಿದ್ದರೆ ಮಾತ್ರ ಪ್ಲಗ್ ತೆಗೆಯಿರಿ. ಪ್ಲಗ್, ಡಿಶ್ ವೈರು ಎರಡನ್ನೂ ಮಿಂಚು ಶುರುವಾಗುವ ಮೊದಲೇ ಬಿಚ್ಚಿ, ನಡುವೆ ಮುಟ್ಟಲು ಹೋಗಬೇಡಿ.

ಹಂತ 9: ಮೊದಲ ವಾರದ ಪರೀಕ್ಷೆ

ಮೊದಲ ದಿನ ಕೈಯಾರೆ ಐದು ನಿಮಿಷ ರೆಕಾರ್ಡ್ ಮಾಡಿ, ಓಡಿಸಿ, ಅಳಿಸಿ. ಎರಡನೇ ದಿನ ಟೈಮರ್ ಹಾಕಿ, ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿ ಇರಲಿ, ಟಿವಿ ಆಫ್ ಇರಲಿ. ಶುರುವಿಗೆ ಎರಡು ನಿಮಿಷ, ಕೊನೆಗೆ ಐದು ನಿಮಿಷ ಜಾಸ್ತಿ ಸೇರಿಸಿ, ಧಾರಾವಾಹಿಗಳು ಹೇಳಿದ ಹೊತ್ತಿಗೆ ಮುಗಿಯುವುದು ಕಡಿಮೆ. ಮೂರನೇ ದಿನ ಎರಡು ಚಾನೆಲ್ ಒಟ್ಟಿಗೆ.

ಆಮೇಲೆ ಕರೆಂಟ್ ಪರೀಕ್ಷೆ. ಟೈಮರ್ ಹಾಕಿ, ಅದರ ಹೊತ್ತಿಗೆ ಅರ್ಧ ಗಂಟೆ ಮುಂಚೆ ಪ್ಲಗ್ ತೆಗೆದು ಎರಡು ನಿಮಿಷ ಬಿಟ್ಟು ಹಾಕಿ. ಯುಪಿಎಸ್ ಇದ್ದರೂ ಈ ಸಲ ಅದನ್ನು ಬಿಟ್ಟು ನೋಡಿ. ಬಾಕ್ಸ್ ತಾನಾಗಿ ಎದ್ದು, ಟೈಮರ್ ನೆನಪಿಟ್ಟುಕೊಂಡು ರೆಕಾರ್ಡ್ ಮಾಡಿತಾ? ಮಾಡದಿದ್ದರೆ ಮೆನುವಿನಲ್ಲಿ ಸ್ಟ್ಯಾಂಡ್‌ಬೈ ಸೆಟ್ಟಿಂಗ್ ಹುಡುಕಿ. ಅದೂ ಇಲ್ಲದಿದ್ದರೆ ಆ ಬಾಕ್ಸ್ ಯುಪಿಎಸ್ ಇಲ್ಲದೆ ನಮ್ಮ ಕಡೆಗೆ ಹೊಂದುವುದಿಲ್ಲ.

ಯಾವುದಾದರೂ ತಪ್ಪಿದರೆ ಕೂಡಲೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಅಂಗಡಿಯವರಿಗೆ ಬಾಯಿಮಾತಿನಲ್ಲಿ ಹೇಳಿ ಬಂದರೆ ದಾಖಲೆ ಉಳಿಯುವುದಿಲ್ಲ. ಕಂಪನಿಯವರು ಕಿವಿಗೊಡದಿದ್ದರೆ ದೂರು ನೋಡಿಕೊಳ್ಳುವ ಅವರ ನೋಡಲ್ ಅಧಿಕಾರಿಗೆ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಬಿಲ್ಲು, ಸೀರಿಯಲ್ ನಂಬರು ಕೈಯಲ್ಲಿರಲಿ.

ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಹಳೆ ಬಾಕ್ಸ್, ಅಡಾಪ್ಟರ್, ರಿಮೋಟ್ ಯಾರಿಗೂ ಕೊಡಬೇಡಿ. ಅದು ಬಾಡಿಗೆಯದಾಗಿದ್ದರೆ ವಾಪಸ್ ಕೊಡುವಾಗ ಸೀರಿಯಲ್ ನಂಬರು, ತಾರೀಖು ಬರೆದ ರಸೀದಿ ಪಡೆಯಿರಿ. ಡೆಪಾಸಿಟ್ ಕೊಟ್ಟಿದ್ದರೆ ಅದರ ಲೆಕ್ಕವನ್ನೂ ಅದೇ ಹೊತ್ತಿಗೆ ಮುಗಿಸಿಕೊಳ್ಳಿ.